ವಿಪತ್ತು ಉಪಶಮನ ನಿಧಿ (ಭಾರತ)

ವಿಪತ್ತು ಉಪಶಮನ ನಿಧಿಯು ಪ್ರವಾಹ, ಭೂಕುಸಿತ, ಬರ, ಚಂಡಮಾರುತ ಮೊದಲಾದ ವಿಪತ್ತುಗಳು ಸಂಭವಿಸುವ ಮುನ್ನವೇ ಅವುಗಳ ಹಾನಿಯನ್ನು ತಗ್ಗಿಸುವ ಕಾಮಗಾರಿಗಳಿಗಾಗಿ ಭಾರತದಲ್ಲಿ ಸ್ಥಾಪಿಸಲಾದ ಸಾರ್ವಜನಿಕ ಅನುದಾನ ವ್ಯವಸ್ಥೆ. ಇದಕ್ಕೆ ಎರಡು ಹಂತಗಳಿವೆ: ಕೇಂದ್ರದಲ್ಲಿ ರಾಷ್ಟ್ರೀಯ ವಿಪತ್ತು ಉಪಶಮನ ನಿಧಿ ಅಥವಾ ಎನ್‌ಡಿಎಂಎಫ್, ರಾಜ್ಯಗಳಲ್ಲಿ ರಾಜ್ಯ ವಿಪತ್ತು ಉಪಶಮನ ನಿಧಿ ಅಥವಾ ಎಸ್‌ಡಿಎಂಎಫ್. 2005ರ ವಿಪತ್ತು ನಿರ್ವಹಣಾ ಕಾಯಿದೆಯಲ್ಲಿಯೇ ಇದಕ್ಕೆ ಅವಕಾಶವಿದ್ದರೂ ನಿಧಿಗೆ ಹಣ ಬಂದದ್ದು 15ನೇ ಹಣಕಾಸು ಆಯೋಗದ ಶಿಫಾರಸಿನ ನಂತರ. ಈ ಲೇಖನವು ಮುಖ್ಯವಾಗಿ ಪ್ರವಾಹಕ್ಕೆ ಸಂಬಂಧಿಸಿದ ಸ್ಥಳೀಯ ಯೋಜನೆಗಳಿಗೆ ದೊರೆಯುವ ಅನುದಾನವನ್ನು ಕುರಿತದ್ದು.

ಪರಿಹಾರ ನಿಧಿಗೂ ಉಪಶಮನ ನಿಧಿಗೂ ಇರುವ ವ್ಯತ್ಯಾಸ

ಮನೆ ಕುಸಿದವರಿಗೆ, ಬೆಳೆ ಕಳೆದುಕೊಂಡವರಿಗೆ, ಮೃತರ ಕುಟುಂಬಗಳಿಗೆ ನೀಡುವ ಹಣ ವಿಪತ್ತು ಸ್ಪಂದನಾ ನಿಧಿಯದು. ರಾಜ್ಯ ಮಟ್ಟದಲ್ಲಿ ಇದನ್ನು ಎಸ್‌ಡಿಆರ್‌ಎಫ್, ರಾಷ್ಟ್ರ ಮಟ್ಟದಲ್ಲಿ ಎನ್‌ಡಿಆರ್‌ಎಫ್ ಎನ್ನುತ್ತಾರೆ. ನೀರು ನುಗ್ಗುವ ಮೊದಲೇ ರಾಜಕಾಲುವೆಯನ್ನು ಸರಿಪಡಿಸುವುದು, ಕೆರೆಗಳ ನಡುವಿನ ಸಂಪರ್ಕವನ್ನು ಮರಳಿ ತೆರೆಯುವುದು, ಮುನ್ಸೂಚನಾ ಉಪಕರಣಗಳನ್ನು ಅಳವಡಿಸುವುದು ಉಪಶಮನ ನಿಧಿಯ ಕೆಲಸ. 2005ರ ಕಾಯಿದೆಯು ವಿಪತ್ತಿನ ಅಪಾಯ, ಹೊಡೆತ ಅಥವಾ ಪರಿಣಾಮವನ್ನು ಕಡಿಮೆ ಮಾಡುವ ಕ್ರಮಗಳನ್ನು ಉಪಶಮನ ಎಂದು ವ್ಯಾಖ್ಯಾನಿಸುತ್ತದೆ. ಎನ್‌ಡಿಆರ್‌ಎಫ್ ಎಂಬ ಹೆಸರು ರಕ್ಷಣಾ ಕಾರ್ಯಾಚರಣೆ ನಡೆಸುವ ರಾಷ್ಟ್ರೀಯ ಪಡೆಗೂ ಇರುವುದರಿಂದ ಪತ್ರಿಕಾ ವರದಿಗಳನ್ನು ಓದುವಾಗ ಗೊಂದಲವಾಗುವುದುಂಟು. ಕಾಯಿದೆಯ 46ನೇ ಪ್ರಕರಣದಲ್ಲಿರುವುದು ನಿಧಿ, 44ನೇ ಪ್ರಕರಣದಲ್ಲಿರುವುದು ಪಡೆ.

ಈ ವ್ಯತ್ಯಾಸ ಕೇವಲ ಲೆಕ್ಕಪತ್ರದ ವಿಷಯವಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ ಮತ್ತು ಅದರ ಉಪನದಿಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ ಮೊದಲಾದ ಜಿಲ್ಲೆಗಳು ಮುಳುಗಿದಾಗ, ಮಲೆನಾಡು ಹಾಗೂ ಕೊಡಗಿನಲ್ಲಿಯೂ ಹಾನಿಯಾದಾಗ, ಕರ್ನಾಟಕ ಸರ್ಕಾರ ಅಂದಾಜಿಸಿದ ನಷ್ಟ 35 ಸಾವಿರ ಕೋಟಿ ರೂಪಾಯಿಗೂ ಮೀರಿತ್ತು. ರಾಷ್ಟ್ರೀಯ ನಿಧಿಯಿಂದ ಅಕ್ಟೋಬರ್‌ನಲ್ಲಿ ಮುಂಗಡವಾಗಿ ಬಂದ 1,200 ಕೋಟಿಯೂ ಸೇರಿ ರಾಜ್ಯಕ್ಕೆ ಮಂಜೂರಾದದ್ದು 1,869.85 ಕೋಟಿ ರೂಪಾಯಿ. ಪರಿಹಾರವು ನಿಗದಿತ ದರಪಟ್ಟಿಯಂತೆ ನೀಡುವ ತುರ್ತು ನೆರವೇ ಹೊರತು ನಷ್ಟಭರ್ತಿಯಲ್ಲ ಎಂಬುದು ಕೇಂದ್ರದ ಮಾರ್ಗಸೂಚಿಗಳ ನಿಲುವು. ಆದ್ದರಿಂದ ನಷ್ಟಕ್ಕೂ ನೆರವಿಗೂ ನಡುವಿನ ಅಂತರವನ್ನು ಪರಿಹಾರದ ಹಣ ತುಂಬಲಾರದು. ನಷ್ಟವೇ ಕಡಿಮೆಯಾಗುವಂತೆ ಮಾಡುವ ವೆಚ್ಚಕ್ಕೆ ಬೇರೆ ಮೂಲ ಬೇಕಾಗುತ್ತದೆ.

ಇತಿಹಾಸ

ವಿಪತ್ತು ನಿರ್ವಹಣಾ ಕಾಯಿದೆಯ 47ನೇ ಪ್ರಕರಣ ರಾಷ್ಟ್ರೀಯ ಉಪಶಮನ ನಿಧಿಗೂ, 48ನೇ ಪ್ರಕರಣ ರಾಜ್ಯ ಮತ್ತು ಜಿಲ್ಲಾ ಮಟ್ಟದ ನಿಧಿಗಳಿಗೂ ಅವಕಾಶ ಕಲ್ಪಿಸಿವೆ. 13ನೇ ಹಣಕಾಸು ಆಯೋಗದ ಶಿಫಾರಸಿನಂತೆ ಹಳೆಯ ವಿಪತ್ತು ಪರಿಹಾರ ನಿಧಿಗಳು 2010ರ ಏಪ್ರಿಲ್ 1ರಿಂದ ಸ್ಪಂದನಾ ನಿಧಿಗಳಾಗಿ ಮಾರ್ಪಟ್ಟವು. ಉಪಶಮನ ನಿಧಿ ಮಾತ್ರ ಕಾಗದದಲ್ಲಿಯೇ ಉಳಿಯಿತು. ನೀರಾವರಿ, ಒಳಚರಂಡಿ, ಗ್ರಾಮೀಣ ಉದ್ಯೋಗ ಮೊದಲಾದ ಚಾಲ್ತಿ ಯೋಜನೆಗಳಲ್ಲಿಯೇ ಉಪಶಮನದ ಕೆಲಸ ಆಗುತ್ತಿದೆ, ಪ್ರತ್ಯೇಕ ನಿಧಿ ಅನಗತ್ಯ ಎಂಬುದು ಆಗಿನ ವಾದವಾಗಿತ್ತು.

ಈ ಸ್ಥಿತಿಯನ್ನು ಪ್ರಶ್ನಿಸಿದ್ದು ಪ್ರವಾಹವಲ್ಲ, ಬರ. ಸ್ವರಾಜ್ ಅಭಿಯಾನ್ ಸಂಘಟನೆಯು ಬರಪೀಡಿತ ರಾಜ್ಯಗಳ ಕುರಿತು ಸಲ್ಲಿಸಿದ್ದ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2016ರ ಮೇ 11ರಂದು ತೀರ್ಪು ನೀಡಿ, ಕಾಯಿದೆ ಜಾರಿಯಾಗಿ ಹತ್ತು ವರ್ಷ ಕಳೆದರೂ ನಿಧಿ ಸ್ಥಾಪನೆಯಾಗದಿರುವುದನ್ನು ಆಕ್ಷೇಪಿಸಿ, ಮೂರು ತಿಂಗಳೊಳಗೆ ರಾಷ್ಟ್ರೀಯ ವಿಪತ್ತು ಉಪಶಮನ ನಿಧಿಯನ್ನು ರಚಿಸುವಂತೆ ನಿರ್ದೇಶಿಸಿತು. ನಿಧಿ ವಾಸ್ತವವಾಗಿ ರಚನೆಯಾದದ್ದು 2021ರ ಫೆಬ್ರುವರಿಯಲ್ಲಿ. ಅದರ ಬಳಕೆಯ ಮಾರ್ಗಸೂಚಿಗಳು ಹೊರಬಿದ್ದದ್ದು 2022ರ ಆರಂಭದಲ್ಲಿ.

ಎನ್. ಕೆ. ಸಿಂಗ್ ಅಧ್ಯಕ್ಷತೆಯ 15ನೇ ಹಣಕಾಸು ಆಯೋಗವು 2020–21ರ ಮಧ್ಯಂತರ ವರದಿಯಲ್ಲಿಯೇ ವಿಪತ್ತಿನ ಹಣವನ್ನು ಒಂದೇ ಗಂಟಾಗಿ ಇಡದೆ ಸ್ಪಂದನೆ ಮತ್ತು ಉಪಶಮನ ಎಂದು ವಿಂಗಡಿಸಿತು. 2021ರಿಂದ 2026ರವರೆಗಿನ ಅವಧಿಗೆ ಎಲ್ಲ ರಾಜ್ಯಗಳ ವಿಪತ್ತು ಅಪಾಯ ನಿರ್ವಹಣಾ ನಿಧಿಗೆ 1,60,153 ಕೋಟಿ ರೂಪಾಯಿಯನ್ನು ನಿಗದಿಪಡಿಸಿತು. 14ನೇ ಆಯೋಗದ ಐದು ವರ್ಷಗಳ ಮೊತ್ತ 61,219 ಕೋಟಿ ಮಾತ್ರವಾಗಿತ್ತು.

ಹಣದ ಹಂಚಿಕೆ

ರಾಜ್ಯಗಳಿಗೆ ನಿಗದಿಯಾದ ಮೊತ್ತದಲ್ಲಿ ಶೇ. 80 ಸ್ಪಂದನಾ ನಿಧಿಗೆ, ಶೇ. 20 ಉಪಶಮನ ನಿಧಿಗೆ ಸಲ್ಲುತ್ತದೆ. ಅದರಂತೆ ಐದು ವರ್ಷಗಳಲ್ಲಿ ರಾಜ್ಯ ಉಪಶಮನ ನಿಧಿಗಳ ಒಟ್ಟು ಗಾತ್ರ 32,031 ಕೋಟಿ. ರಾಷ್ಟ್ರ ಮಟ್ಟದ 68,463 ಕೋಟಿಯಲ್ಲಿ ಉಪಶಮನದ ಭಾಗ 13,693 ಕೋಟಿ. ರಾಜ್ಯ ನಿಧಿಯಲ್ಲಿ ಕೇಂದ್ರದ್ದು ಶೇ. 75, ರಾಜ್ಯದ್ದು ಶೇ. 25, ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ ಈ ಪ್ರಮಾಣ 90:10. ಕರ್ನಾಟಕಕ್ಕೆ 2020–21ರಲ್ಲಿ ಎರಡೂ ಉದ್ದೇಶ ಸೇರಿ ನಿಗದಿಯಾದ ಕೇಂದ್ರದ ಪಾಲು 791 ಕೋಟಿ ರೂಪಾಯಿ.

ಯಾವ ರಾಜ್ಯಕ್ಕೆ ಎಷ್ಟು ಎಂಬುದನ್ನು ಆಯೋಗವು ಹಿಂದಿನ ವೆಚ್ಚ, ವಿಸ್ತೀರ್ಣ, ಜನಸಂಖ್ಯೆ ಹಾಗೂ ವಿಪತ್ತು ಅಪಾಯ ಸೂಚ್ಯಂಕವನ್ನು ಆಧರಿಸಿ ನಿರ್ಧರಿಸಿತು. ಇದರಲ್ಲಿ ಹಿಂದಿನ ವೆಚ್ಚಕ್ಕೇ ಹೆಚ್ಚಿನ ತೂಕವಿದೆ. ಹಿಂದೆ ಹೆಚ್ಚು ಖರ್ಚು ಮಾಡಲು ಶಕ್ತವಾಗಿದ್ದ ರಾಜ್ಯಗಳಿಗೆ ಇದು ಅನುಕೂಲ. ಅಪಾಯ ಹೆಚ್ಚಿದ್ದರೂ ಖರ್ಚು ಮಾಡಲಾಗದಿದ್ದ ಬಡ ರಾಜ್ಯಗಳ ಕೊರತೆಯನ್ನು ಸೂಚ್ಯಂಕ ಭಾಗಶಃ ಮಾತ್ರ ಸರಿದೂಗಿಸುತ್ತದೆ.

ರಾಷ್ಟ್ರೀಯ ಉಪಶಮನ ನಿಧಿಯೊಳಗೆ ಕೆಲವು ಉದ್ದೇಶಗಳಿಗೆ ಹಣವನ್ನು ಮೊದಲೇ ಮೀಸಲಿಡಲಾಗಿದೆ. ಅತಿ ಹೆಚ್ಚು ಜನಸಂಖ್ಯೆಯ ಏಳು ನಗರಗಳ ಪ್ರವಾಹ ತಗ್ಗಿಸಲು 2,500 ಕೋಟಿ, ನದಿ ಮತ್ತು ಕಡಲ ಕೊರೆತ ತಡೆಗೆ 1,500 ಕೋಟಿ, ಬರಪೀಡಿತ ಹನ್ನೆರಡು ರಾಜ್ಯಗಳಿಗೆ 1,200 ಕೋಟಿ, ಗುಡ್ಡಗಾಡಿನ ಹತ್ತು ರಾಜ್ಯಗಳಲ್ಲಿ ಭೂಕಂಪ ಹಾಗೂ ಭೂಕುಸಿತದ ಅಪಾಯ ನಿರ್ವಹಣೆಗೆ 750 ಕೋಟಿ. ನಗರ ಪ್ರವಾಹದ ಹಣದಲ್ಲಿ ಮುಂಬೈ, ಚೆನ್ನೈ ಮತ್ತು ಕೋಲ್ಕತ್ತಕ್ಕೆ ತಲಾ 500 ಕೋಟಿ, ಬೆಂಗಳೂರು, ಹೈದರಾಬಾದ್, ಅಹಮದಾಬಾದ್ ಮತ್ತು ಪುಣೆಗೆ ತಲಾ 250 ಕೋಟಿ.

ಯಾವ ಕಾಮಗಾರಿಗೆ ಅನುದಾನ

ಆಯೋಗದ ವರದಿಯಲ್ಲಿ ಗಮನಿಸಬೇಕಾದ ಒಂದು ಮಿತಿ ಇದೆ. ಸಮುದಾಯ ಆಧಾರಿತ, ಸ್ಥಳೀಯ, ಪರಿಸರಕ್ಕೆ ಹೊಂದುವ ಕಾಮಗಾರಿಗಳಿಗಷ್ಟೇ ಈ ನಿಧಿ. ಕಡಲ ತಡೆಗೋಡೆ, ನದಿಯ ದೊಡ್ಡ ಒಡ್ಡುಗಳಂತಹ ಬೃಹತ್ ನಿರ್ಮಾಣಗಳನ್ನು ಸಾಮಾನ್ಯ ಅಭಿವೃದ್ಧಿ ಯೋಜನೆಗಳಲ್ಲಿ ಕೈಗೊಳ್ಳಬೇಕು. ಅಂದರೆ ಕೆರೆಯ ಪುನಶ್ಚೇತನ, ಜೌಗು ಪ್ರದೇಶದ ರಕ್ಷಣೆ, ಮಳೆನೀರು ಕಾಲುವೆಯ ಸುಧಾರಣೆ ಇದರ ವ್ಯಾಪ್ತಿಗೆ ಬರಬಹುದು, ಮೈಲುಗಟ್ಟಲೆ ಉದ್ದದ ನದಿ ಒಡ್ಡು ಬಾರದು. ಒಂದೇ ದೊಡ್ಡ ಗುತ್ತಿಗೆಯಲ್ಲಿ ಹಣ ಕರಗಿಹೋಗದಂತೆ ತಡೆಯುವುದು ಈ ಮಿತಿಯ ಪ್ರಯೋಜನ. ಪರಿಹಾರ ವಿತರಣೆಗೆ ಅಥವಾ ಮಾಮೂಲು ನಿರ್ವಹಣೆಗೆ ನಿಧಿಯನ್ನು ಬಳಸುವಂತಿಲ್ಲ.

ನದಿ ಒಡ್ಡುಗಳಿಗೆ ಕೇಂದ್ರ ಜಲಶಕ್ತಿ ಸಚಿವಾಲಯದ ಪ್ರವಾಹ ನಿರ್ವಹಣೆ ಮತ್ತು ಗಡಿ ಪ್ರದೇಶಗಳ ಕಾರ್ಯಕ್ರಮದಲ್ಲಿ ಪ್ರತ್ಯೇಕ ನೆರವು ಸಿಗುತ್ತದೆ. 11ನೇ ಪಂಚವಾರ್ಷಿಕ ಯೋಜನೆಯಲ್ಲಿ 8,000 ಕೋಟಿ ರೂಪಾಯಿಯೊಂದಿಗೆ ಆರಂಭವಾದ ಪ್ರವಾಹ ನಿರ್ವಹಣಾ ಕಾರ್ಯಕ್ರಮದ ಮುಂದುವರಿಕೆ ಅದು. 2021–26ರ ಅವಧಿಗೆ ಅದರ ಗಾತ್ರ 4,100 ಕೋಟಿ. ಈ ಕಾರ್ಯಕ್ರಮವನ್ನು ಪರಿಶೀಲಿಸಿದ ಮಹಾಲೇಖಪಾಲರ 2017ರ ವರದಿ, ವಿಸ್ತೃತ ಯೋಜನಾ ವರದಿಗಳಿಗೆ ಅನುಮೋದನೆ ಸಿಗುವಷ್ಟರಲ್ಲಿ ವಿನ್ಯಾಸಗಳೇ ಅಪ್ರಸ್ತುತವಾಗಿದ್ದ ಪ್ರಕರಣಗಳನ್ನು ದಾಖಲಿಸಿತು. ವರ್ಷ ಕಳೆದಂತೆ ನದಿ ತನ್ನ ಪಾತ್ರವನ್ನು ಬದಲಿಸುತ್ತದೆ, ಕಡತದಲ್ಲಿರುವ ನಕ್ಷೆ ಬದಲಾಗುವುದಿಲ್ಲ.

ಅನುಮೋದನೆಯ ವಿಧಾನ

ರಾಜ್ಯ ನಿಧಿಯ ಕಾಮಗಾರಿಗಳನ್ನು ಮುಖ್ಯ ಕಾರ್ಯದರ್ಶಿ ನೇತೃತ್ವದ ರಾಜ್ಯ ಕಾರ್ಯಕಾರಿ ಸಮಿತಿ ಪರಿಶೀಲಿಸುತ್ತದೆ. ಕರ್ನಾಟಕದಲ್ಲಿ ವಿಪತ್ತು ನಿರ್ವಹಣೆ ಕಂದಾಯ ಇಲಾಖೆಗೆ ಸೇರಿದ ವಿಷಯ. ರಾಷ್ಟ್ರೀಯ ನಿಧಿಯ ಹಾದಿ ಇನ್ನೂ ಉದ್ದ. ರಾಜ್ಯವು ಕಳುಹಿಸಿದ ಪ್ರಸ್ತಾವವನ್ನು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಪರಿಶೀಲಿಸಿದ ನಂತರ ಅದು ರಾಷ್ಟ್ರೀಯ ಕಾರ್ಯಕಾರಿ ಸಮಿತಿಯ ಉಪಸಮಿತಿಯ ಮುಂದೆ ಹೋಗುತ್ತದೆ. ಅಂತಿಮ ನಿರ್ಧಾರ ಕೇಂದ್ರ ಗೃಹ ಸಚಿವರ ನೇತೃತ್ವದ ಉನ್ನತ ಮಟ್ಟದ ಸಮಿತಿಯದು. ಹಣಕಾಸು ಸಚಿವರು, ಕೃಷಿ ಸಚಿವರು ಮತ್ತು ನೀತಿ ಆಯೋಗದ ಉಪಾಧ್ಯಕ್ಷರು ಅದರ ಸದಸ್ಯರು.

ನಗರ ಪ್ರವಾಹ ಯೋಜನೆಗಳು

ನಗರ ಪ್ರವಾಹಕ್ಕೆ ಕೇಂದ್ರದ ನೆರವು ಹೊಸದೇನಲ್ಲ. 2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿದ ನಂತರ, 1993ರಲ್ಲಿಯೇ ಸಿದ್ಧವಾಗಿದ್ದ ಮಳೆನೀರು ಕಾಲುವೆಗಳ ಯೋಜನೆಗೆ ಕೇಂದ್ರ ಸರ್ಕಾರ ಸುಮಾರು 1,200 ಕೋಟಿ ರೂಪಾಯಿಗೆ ಒಪ್ಪಿಗೆ ನೀಡಿತು. ರಾಷ್ಟ್ರೀಯ ಪ್ರಾಧಿಕಾರವು 2010ರಲ್ಲಿ ನಗರ ಪ್ರವಾಹಕ್ಕೆಂದೇ ಪ್ರತ್ಯೇಕ ಮಾರ್ಗಸೂಚಿ ಪ್ರಕಟಿಸಿತು.

ಉಪಶಮನ ನಿಧಿಯಿಂದ ಮೊದಲು ಅನುಮೋದನೆ ಪಡೆದ ನಗರ ಪ್ರವಾಹ ಯೋಜನೆ ಚೆನ್ನೈ ಜಲಾನಯನ ಪ್ರದೇಶದ್ದು. 561.29 ಕೋಟಿ ವೆಚ್ಚದ ಈ ಯೋಜನೆಗೆ 500 ಕೋಟಿ ಕೇಂದ್ರ ನೆರವನ್ನು 2023ರ ಡಿಸೆಂಬರ್ 7ರಂದು ಪ್ರಕಟಿಸಲಾಯಿತು. ಮಿಚಾಂಗ್ ಚಂಡಮಾರುತದ ಮಳೆಯಿಂದ ಆ ನಗರ ಜಲಾವೃತವಾಗಿ ಆಗ ಕೆಲವೇ ದಿನಗಳಾಗಿದ್ದವು. ಮುನ್ನೆಚ್ಚರಿಕೆಗೆಂದು ರಚಿಸಿದ ನಿಧಿಯ ಮೊದಲ ನಗರ ಅನುದಾನ ಪ್ರಕಟವಾದದ್ದು ಪ್ರವಾಹದ ನಡುವೆಯೇ. ಉಳಿದ ಆರು ನಗರಗಳ 2,514.36 ಕೋಟಿ ಮೊತ್ತದ ಯೋಜನೆಗಳಿಗೆ 2024ರ ಜುಲೈನಲ್ಲಿ ಅನುಮೋದನೆ ಸಿಕ್ಕಿತು. 2025ರ ಅಕ್ಟೋಬರ್‌ನಲ್ಲಿ ಎರಡನೇ ಹಂತವಾಗಿ ಭೋಪಾಲ್, ಭುವನೇಶ್ವರ, ಗುವಾಹಟಿ, ಜೈಪುರ, ಕಾನ್ಪುರ, ಪಟ್ನಾ, ರಾಯಪುರ, ತಿರುವನಂತಪುರ, ವಿಶಾಖಪಟ್ಟಣ, ಇಂದೋರ್ ಮತ್ತು ಲಖನೌ ನಗರಗಳಿಗೆ 2,444.42 ಕೋಟಿಯ ಯೋಜನೆ ಒಪ್ಪಿಗೆ ಪಡೆಯಿತು.

ಬೆಂಗಳೂರು

ಬೆಂಗಳೂರಿನಲ್ಲಿ ಉಕ್ಕಿ ಹರಿಯುವ ದೊಡ್ಡ ನದಿಯಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಏಣಿನ ಮೇಲಿರುವ ಈ ನಗರದ ಮಳೆನೀರು ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಗೂ, ವೃಷಭಾವತಿ ಕಣಿವೆಯ ಮೂಲಕ ಅರ್ಕಾವತಿಗೂ ಇಳಿಯುತ್ತದೆ. ಒಂದು ಕೆರೆ ತುಂಬಿ ಕೋಡಿ ಬಿದ್ದಾಗ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಸೇರುವುದು ಇಲ್ಲಿನ ಹಳೆಯ ಏರ್ಪಾಡು. ಕೆರೆಯಂಗಳ ಬಡಾವಣೆಯಾಗಿ, ಕಾಲುವೆ ಕಿರಿದಾಗಿ ಈ ಸರಣಿ ತುಂಡಾದ ಕಡೆಗಳಲ್ಲೆಲ್ಲ ನೀರು ರಸ್ತೆಗೂ ಮನೆಗಳಿಗೂ ನುಗ್ಗುತ್ತದೆ. ನಗರದ ಮಳೆನೀರು ನಿರ್ವಹಣೆ ಕುರಿತ ಮಹಾಲೇಖಪಾಲರ 2021ರ ವರದಿಯ ಪ್ರಕಾರ, 20ನೇ ಶತಮಾನದ ಆರಂಭದಲ್ಲಿ ಸುಮಾರು 113 ಕಿ.ಮೀ. ಇದ್ದ ಕೋರಮಂಗಲ ಕಣಿವೆಯ ಕಾಲುವೆಗಳ ಉದ್ದ 2016–17ರ ವೇಳೆಗೆ 63 ಕಿ.ಮೀ.ಗೆ, ವೃಷಭಾವತಿ ಕಣಿವೆಯದು 226 ಕಿ.ಮೀ.ಯಿಂದ 112 ಕಿ.ಮೀ.ಗೆ ಇಳಿದಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರು, ಯಮಲೂರು ಪ್ರದೇಶಗಳು ಜಲಾವೃತವಾಗಿ ನಿವಾಸಿಗಳನ್ನು ದೋಣಿ ಮತ್ತು ಟ್ರ್ಯಾಕ್ಟರ್‌ಗಳಲ್ಲಿ ಸಾಗಿಸಬೇಕಾಯಿತು.

ನಿಧಿಯಿಂದ ನಗರಕ್ಕೆ ಮೀಸಲಾದ 250 ಕೋಟಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಕಾಲುವೆಯ ಗೋಡೆ ಕಟ್ಟಲು ಅನುದಾನ ಸಾಕಾಗಬಹುದು; ಆದರೆ ಒತ್ತುವರಿಯಾದ ಜಾಗವನ್ನು ಬಿಡಿಸಿಕೊಳ್ಳುವುದು ಭೂದಾಖಲೆ, ಸರ್ವೆ ಮತ್ತು ನ್ಯಾಯಾಲಯಗಳಿಗೆ ಸೇರಿದ ಕೆಲಸ, ಅದಕ್ಕೆ ಯಾವ ನಿಧಿಯೂ ಬದಲಿಯಾಗದು. ಮುನ್ಸೂಚನೆಯ ವಿಷಯದಲ್ಲಿ ರಾಜ್ಯ ಮುಂದಿದೆ: ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಮಳೆಮಾಪಕಗಳ ಜಾಲವನ್ನು ನಡೆಸುತ್ತಿದ್ದು, ಭಾರತೀಯ ವಿಜ್ಞಾನ ಸಂಸ್ಥೆಯ ಸಹಯೋಗದಲ್ಲಿ ಬೆಂಗಳೂರು ಮೇಘಸಂದೇಶ ಎಂಬ ಆ್ಯಪ್ ಅನ್ನು ರೂಪಿಸಿದೆ.

ಟೀಕೆಗಳು

ಮೀಸಲು ಹಣ ಮಹಾನಗರಗಳಿಗೆ ಮೊದಲು ಸಂದದ್ದು ಪ್ರಮುಖ ಆಕ್ಷೇಪ. ನದಿದಂಡೆಯ ಸಣ್ಣ ಪಟ್ಟಣಗಳು ಮತ್ತು ಗ್ರಾಮ ಪಂಚಾಯಿತಿಗಳು ರಾಜ್ಯ ನಿಧಿಯನ್ನೇ ಅವಲಂಬಿಸಬೇಕು. ಜಲವಿಜ್ಞಾನದ ಅಧ್ಯಯನ, ಲಾಭ–ವೆಚ್ಚದ ಲೆಕ್ಕ, ನಕ್ಷೆಗಳನ್ನು ಒಳಗೊಂಡ ವಿಸ್ತೃತ ಯೋಜನಾ ವರದಿಯನ್ನು ತಯಾರಿಸುವ ಎಂಜಿನಿಯರ್‌ಗಳು ಅಲ್ಲಿ ವಿರಳ. ಹೀಗಾಗಿ ಅಗತ್ಯ ಹೆಚ್ಚಿರುವ ಊರಿಗಿಂತ ಅರ್ಜಿ ಬರೆಯಬಲ್ಲ ಊರಿಗೆ ಹಣ ಸೇರುವ ಸಂಭವವಿದೆ. ಕಾಯಿದೆಯಲ್ಲಿ ಜಿಲ್ಲಾ ಉಪಶಮನ ನಿಧಿಗೆ ಅವಕಾಶವಿದ್ದರೂ ಆಯೋಗದ ಹಂಚಿಕೆ ರಾಷ್ಟ್ರ ಮತ್ತು ರಾಜ್ಯ ಮಟ್ಟಕ್ಕೆ ನಿಂತಿದೆ. ಮಳೆನೀರನ್ನು ಇಂಗಿಸುವುದರ ಬದಲು ಕಾಂಕ್ರೀಟ್ ಕಾಲುವೆಯಲ್ಲಿ ಬೇಗ ಸಾಗಹಾಕುವುದರಿಂದ ಪ್ರವಾಹ ಕೆಳಗಿನ ಊರಿಗೆ ವರ್ಗವಾಗುತ್ತದೆ ಎಂಬುದು ಪರಿಸರ ತಜ್ಞರ ವಾದ. 2025ರ ತಿದ್ದುಪಡಿ ಕಾಯಿದೆಯು ರಾಜ್ಯ ರಾಜಧಾನಿಗಳಿಗೂ ಮಹಾನಗರ ಪಾಲಿಕೆಗಳಿರುವ ನಗರಗಳಿಗೂ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರ ರಚಿಸಲು ಅವಕಾಶ ನೀಡಿದೆ.

ಇತರ ದೇಶಗಳಲ್ಲಿ

ಅಮೆರಿಕದಲ್ಲಿ 1988ರ ಸ್ಟಾಫರ್ಡ್ ಕಾಯಿದೆಯಡಿ, ವಿಪತ್ತು ಘೋಷಣೆಯಾದ ರಾಜ್ಯಗಳಿಗೆ ಪರಿಹಾರ ವೆಚ್ಚದ ನಿರ್ದಿಷ್ಟ ಪ್ರಮಾಣವನ್ನು ಉಪಶಮನ ಅನುದಾನವಾಗಿ ನೀಡಲಾಗುತ್ತದೆ. ಒಕ್ಕೂಟ ಸರ್ಕಾರದ ಪಾಲು ಸಾಮಾನ್ಯವಾಗಿ ಶೇ. 75. ವಿಪತ್ತಿಗೆ ಮುನ್ನವೇ ನೀಡುವ ಬ್ರಿಕ್ ಎಂಬ ಅನುದಾನವನ್ನು ಅಲ್ಲಿನ ತುರ್ತು ನಿರ್ವಹಣಾ ಸಂಸ್ಥೆ ಫೀಮಾ 2025ರ ಏಪ್ರಿಲ್‌ನಲ್ಲಿ ನಿಲ್ಲಿಸುವುದಾಗಿ ಪ್ರಕಟಿಸಿತು. ಇಪ್ಪತ್ತು ರಾಜ್ಯಗಳು ನ್ಯಾಯಾಲಯದ ಮೊರೆ ಹೋದವು. ಇಂಗ್ಲೆಂಡಿನಲ್ಲಿ ಸರ್ಕಾರದ ಪ್ರವಾಹ ರಕ್ಷಣಾ ಅನುದಾನವನ್ನು ಪರಿಸರ ಏಜೆನ್ಸಿ ನಿರ್ವಹಿಸುತ್ತದೆ. 2011ರಿಂದ ಸ್ಥಳೀಯರ ವಂತಿಗೆಯನ್ನೂ ಜೊತೆಗೂಡಿಸುವ ಪಾಲುದಾರಿಕೆ ಪದ್ಧತಿ ಅಲ್ಲಿ ಜಾರಿಗೆ ಬಂದಿತು.