ಹೆಲಿಕಾಪ್ಟರ್ ಪೈಲಟ್ ಗಮನ ಕೆಡಿಸೋದ್ರಲ್ಲಿ ನಮ್ಮ ಪಾಲೂ ಇದೆ

ಚುನಾವಣೆ ಬಂದ್ರೆ ಆಳಂದ, ಅಫಜಲಪುರ, ಜೇವರ್ಗಿ ಕಡೆ ಭಾಷಣ ಕೇಳೋಕೆ ಎಷ್ಟು ಜನ ಬರ್ತಾರೋ, ಹೆಲಿಕಾಪ್ಟರ್ ನೋಡೋಕೂ ಅಷ್ಟೇ ಜನ ಬರ್ತಾರೆ. ನಾನೂ ಹಾಗೆ ಹೋದವನೇ. 'ಬಂತ್ ನೋಡಪಾ, ಬಂತು!' ಅಂತ ಯಾರೋ ಕೂಗಿದ ಕೂಡಲೇ ಹಗ್ಗದ ಹತ್ತಿರ ನುಗ್ಗಿ, ಕಣ್ಣಿಗೆ ಮಣ್ಣು ತುಂಬಿಕೊಂಡೇ ವಿಡಿಯೊ ಮಾಡಿದವನು. ಆ ಹೊತ್ತಲ್ಲಿ ಪೈಲಟ್ ಏನು ನೋಡ್ತಿರ್ತಾರೆ ಅಂತ ಯೋಚಿಸಿದ್ದು ಜೇವರ್ಗಿಯ ವಿಡಿಯೊ ನೋಡಿದ ಮೇಲೆ.

ಜೇವರ್ಗಿಯಲ್ಲಿ ಆಗಿದ್ದೇನು?

2023ರ ಮಾರ್ಚ್ 6. ಮಾಜಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಇದ್ದ ಹೆಲಿಕಾಪ್ಟರ್ ಇಳಿಯೋ ಹೊತ್ತಿಗೆ, ಅದರದೇ ಗಾಳಿಗೆ ಹೆಲಿಪ್ಯಾಡ್ ಸುತ್ತಲಿನ ಪ್ಲಾಸ್ಟಿಕ್ ಹಾಳೆ, ಕಸ ಎಲ್ಲ ಮೇಲೆದ್ದವು. ಪೈಲಟ್ ಇಳಿಸಲಿಲ್ಲ, ಮತ್ತೆ ಮೇಲಕ್ಕೆ ಒಯ್ದರು. ಕಸ ತೆಗೆದ ಮೇಲೆ ಸುರಕ್ಷಿತವಾಗಿ ಇಳಿಸಿದರು. ಯಾರಿಗೂ ಏನೂ ಆಗಲಿಲ್ಲ. ಅದಕ್ಕೇ ನಾವು ಬೇಗ ಮರೆತೆವು.

ಒಂದು ಕ್ಷಣದ ಗಮನ ಅಷ್ಟು ಮುಖ್ಯವೇ?

ಹೌದು. ಹೆಲಿಕಾಪ್ಟರ್ ನಡೆಸೋಕೆ ಎರಡೂ ಕೈ, ಎರಡೂ ಕಾಲು ಬೇಕು. ಒಂದು ಕೈಯಲ್ಲಿ ದಿಕ್ಕು ಬದಲಿಸೋ ಸೈಕ್ಲಿಕ್, ಇನ್ನೊಂದರಲ್ಲಿ ಏರಿಳಿಸೋ ಕಲೆಕ್ಟಿವ್, ಮೂತಿ ತಿರುಗಿಸೋಕೆ ಕಾಲಡಿ ಪೆಡಲ್. ಮೇಲಾಗಿ ಅದು ಬಹಳಷ್ಟು ಸಲ ನೆಲಕ್ಕೆ ಹತ್ತಿರವೇ ಹಾರುತ್ತೆ. ತಪ್ಪಾದರೆ ತಿದ್ದಿಕೊಳ್ಳೋಕೆ ಎತ್ತರವೂ ಇಲ್ಲ, ಹೊತ್ತೂ ಇಲ್ಲ.

ಗಮನ ತಪ್ಪಿ ಅಪಘಾತ ಆಗಿದ್ದಿದೆಯೇ?

ನಮ್ಮ ಪಕ್ಕದಲ್ಲೇ ಆಗಿದೆ. 2009ರ ಸೆಪ್ಟೆಂಬರ್ 2ರಂದು ಆಂಧ್ರದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ ಹೈದರಾಬಾದ್‌ನಿಂದ ಚಿತ್ತೂರು ಜಿಲ್ಲೆಗೆ ಹೊರಟಿದ್ದ ಬೆಲ್ 430 ಹೆಲಿಕಾಪ್ಟರ್ ನಲ್ಲಮಲ ಕಾಡಲ್ಲಿ ಬಿತ್ತು. ಒಳಗಿದ್ದ ಐವರೂ ತೀರಿಕೊಂಡರು. ಹವಾಮಾನ ಕೆಟ್ಟಿತ್ತು, ಜೋರಾದ ಕೆಳಮುಖ ಗಾಳಿ ಹೆಲಿಕಾಪ್ಟರನ್ನು ನೆಲಕ್ಕೆ ಒತ್ತಿತು ಅನ್ನೋದರ ಜೊತೆಗೆ ತನಿಖಾ ಸಮಿತಿ ಇನ್ನೊಂದು ಮಾತು ಹೇಳಿತು: ಆಯಿಲ್ ಒತ್ತಡದ ತೊಂದರೆಗೆ ಪರಿಹಾರ ಹುಡುಕುತ್ತಾ ಪೈಲಟ್‌ಗಳು ಕೆಲವು ನಿಮಿಷ ಅದರಲ್ಲೇ ಮುಳುಗಿದ್ದರು. ಇದು ಸೋಮಾರಿತನ ಅಲ್ಲ. ಒಂದು ಸಮಸ್ಯೆಗೆ ಅಂಟಿಕೊಂಡ ಮನಸ್ಸು ಇನ್ನೊಂದನ್ನು ಕಾಣಲ್ಲ, ಅಷ್ಟೇ.

ಇನ್ನೊಂದು ಅಮೆರಿಕದ್ದು. 2011ರ ಆಗಸ್ಟ್ 26ರಂದು ಮಿಸೌರಿಯ ಮಾಸ್ಬಿ ಬಳಿ ರೋಗಿಯನ್ನು ಒಯ್ಯುತ್ತಿದ್ದ ಹೆಲಿಕಾಪ್ಟರ್ ಇಂಧನ ಮುಗಿದು ಬಿತ್ತು. ಪೈಲಟ್, ನರ್ಸ್, ಪ್ಯಾರಾಮೆಡಿಕ್, ರೋಗಿ, ನಾಲ್ವರೂ ಹೋದರು. ಪೈಲಟ್ ಅವತ್ತು ಡ್ಯೂಟಿಯಲ್ಲೇ ಮೊಬೈಲ್‌ನಲ್ಲಿ ಖಾಸಗಿ ಮೆಸೇಜ್ ಮಾಡುತ್ತಿದ್ದರು. ಹೊರಡುವ ಮುಂಚಿನ ತಪಾಸಣೆಯಲ್ಲಿ ಇಂಧನ ಕಡಿಮೆ ಇರೋದು ಕಣ್ಣಿಗೆ ಬೀಳಲಿಲ್ಲ. ಈ ಮೆಸೇಜ್‌ಗಳು, ನಿದ್ದೆಗೆಟ್ಟ ದಣಿವು ಎರಡನ್ನೂ ಅಲ್ಲಿನ ತನಿಖಾ ಮಂಡಳಿ ಕಾರಣಗಳ ಪಟ್ಟಿಗೆ ಸೇರಿಸಿತು. ಅಂದ್ರೆ ಗಮನ ನೆಲದ ಮೇಲೆ ನಿಂತಿದ್ದಾಗಲೇ ತಪ್ಪಿತ್ತು.

ಇದರಲ್ಲಿ ನಮ್ಮ ಪಾಲೇನು?

ಹಕ್ಕಿಯನ್ನು ತಡೆಯೋದು ಕಷ್ಟ. 2023ರ ಮೇ 2ರಂದು ಡಿ.ಕೆ. ಶಿವಕುಮಾರ್ ಮುಳಬಾಗಿಲಿಗೆ ಹೊರಟಿದ್ದ ಹೆಲಿಕಾಪ್ಟರ್‌ಗೆ ಹೊಸಕೋಟೆ ಬಳಿ ಹದ್ದು ಬಡಿದು ಮುಂದಿನ ಗಾಜೇ ಒಡೆಯಿತು, ಎಚ್‌ಎಎಲ್‌ನಲ್ಲಿ ಇಳಿಸಬೇಕಾಯ್ತು. ಆದರೆ ಪ್ಲಾಸ್ಟಿಕ್ ಹಕ್ಕಿಯಲ್ಲ, ನಾವು ಬಿಸಾಕಿದ್ದು. ನಮ್ಮ ಎರಿ ಭೂಮಿಯ ಬೇಸಿಗೆ ದೂಳಂತೂ ಗೊತ್ತೇ ಇದೆ. ಅದು ಎದ್ದರೆ ಇಳಿಯೋ ಕೊನೆ ಕ್ಷಣಗಳಲ್ಲಿ ಪೈಲಟ್‌ಗೆ ನೆಲವೇ ಕಾಣಲ್ಲ. ಅದೇ ಹೊತ್ತಿಗೆ ಹಗ್ಗ ದಾಟಿ ಓಡೋ ಹುಡುಗರು, ಹಾರೋ ಬಾವುಟ, ಬ್ಯಾನರ್. ಒಳಗೆ ಇನ್ನೂ ಮೂರು ಸಭೆ ಬಾಕಿ ಇರೋ ನಾಯಕರ ಅವಸರ ಬೇರೆ.

ನಾನು ಕೇಳೋದು ದೊಡ್ಡದೇನಲ್ಲ. ಹೆಲಿಪ್ಯಾಡ್‌ಗೆ ಮೊದಲೇ ನೀರು ಹೊಡೆಸಿ, ಕಸ ಎತ್ತಿಸಿ, ಜನರನ್ನು ದೂರ ನಿಲ್ಲಿಸಿ. 'ಈಗ ಇಳಿಸಲ್ಲ, ಈಗ ಹಾರಲ್ಲ' ಅಂತ ಪೈಲಟ್ ಹೇಳಿದರೆ ಅದೇ ಕೊನೆ ಮಾತಾಗಲಿ. ಯಾವ ನಾಯಕರೂ, ಯಾವ ಪಕ್ಷವೂ ಒತ್ತಾಯ ಮಾಡಬಾರದು. ಜೇವರ್ಗಿಯಲ್ಲಿ ಜೀವ ಉಳಿಸಿದ್ದು ಆ 'ಇಳಿಸಲ್ಲ' ಅನ್ನೋ ನಿರ್ಧಾರವೇ. ಸಭೆ ಅರ್ಧ ತಾಸು ತಡವಾದ್ರೆ ಆಗ್ಲಿ ಬಿಡ್ರಿ. ಕಾಯೋದು ನಮಗೇನು ಹೊಸದಲ್ಲ.