ಕೋಪನ್‌ಹೇಗನ್: ಒಂದು ಕುದುರೆಯ ಸಮಾಧಿ

1799ರ ಯುದ್ಧದ ಬಳಿಕ ಶ್ರೀರಂಗಪಟ್ಟಣದ ಆಡಳಿತ ವಹಿಸಿದ್ದ ಆರ್ಥರ್ ವೆಲ್ಲೆಸ್ಲಿಯೇ ಮುಂದೆ ವೆಲಿಂಗ್ಟನ್ನಿನ ಡ್ಯೂಕ್ ಎನಿಸಿದನು. 1815ರ ಜೂನ್ 18ರಂದು ವಾಟರ್ಲೂ ರಣರಂಗದಲ್ಲಿ ಅವನನ್ನು ದಿನವಿಡೀ ಹೊತ್ತ ಕುದುರೆಯ ಹೆಸರು ಕೋಪನ್‌ಹೇಗನ್. ಮುಪ್ಪಿನಲ್ಲಿ ಅದು ಇಂಗ್ಲೆಂಡಿನ ಹ್ಯಾಂಪ್‌ಷೈರ್‌ನಲ್ಲಿದ್ದ ಡ್ಯೂಕನ ಸ್ಟ್ರಾಟ್‌ಫೀಲ್ಡ್ ಸೇ ಎಸ್ಟೇಟಿನಲ್ಲಿ ವಿಶ್ರಾಂತವಾಗಿದ್ದು, 1836ರಲ್ಲಿ ಸುಮಾರು 28ರ ವಯಸ್ಸಿನಲ್ಲಿ ಮೃತಪಟ್ಟಿತು. ಸೈನಿಕ ಗೌರವದೊಡನೆ ಅದನ್ನು ಅಲ್ಲಿಯೇ ಹೂಳಲಾಯಿತು. ಶವದ ಒಂದು ಗೊರಸನ್ನು ಯಾರೋ ಕತ್ತರಿಸಿ ಒಯ್ದುದನ್ನು ಕಂಡು ಡ್ಯೂಕ್ ಕೆರಳಿದನು.

ನೆಪೋಲಿಯನ್ನನ ಕುದುರೆ ಮರೆಂಗೋವಿನ ಅಸ್ಥಿಪಂಜರ ಇಂದಿಗೂ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಅದರ ಪಕ್ಕದಲ್ಲಿ ಪ್ರದರ್ಶಿಸಲು ಕೋಪನ್‌ಹೇಗನ್ನಿನ ಎಲುಬುಗಳನ್ನು ಕೇಳಿದಾಗ ಡ್ಯೂಕ್ ಒಪ್ಪಲಿಲ್ಲ. ಕಬ್ಬಿಣದ ಡ್ಯೂಕನೆಂದು ಹೆಸರಾದವನ ದುಃಖಕ್ಕೆ ಆ ನಿರಾಕರಣೆಯೇ ಸಾಕ್ಷಿ.