ಬಂಗಲೆಯ ನೆರಳು, ಮಾಳಿಗೆಯ ತಂಪು

ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳ ಬೇಸಿಗೆಯನ್ನು ಬಲ್ಲವರಿಗೆ ಮನೆಯೆಂಬುದು ಮೊದಲು ಬಿಸಿಲಿನಿಂದ ಪಡೆಯುವ ಆಸರೆ ಎಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಉತ್ತರ ಕರ್ನಾಟಕಕ್ಕೆ ರೈಲು ಬಂದಾಗ ಅದರೊಡನೆ ಬಿಸಿಲನ್ನು ಬೇರೊಂದು ರೀತಿಯಲ್ಲಿ ಎದುರಿಸುವ ಮನೆಯೂ ಬಂದಿತು. ಅದೇ ರೈಲ್ವೆ ಬಂಗಲೆ.

ಈ ರೈಲಿನ ಹಿಂದೆ ಬರದ ಚರಿತ್ರೆಯಿದೆ. 1876-78ರ ಧಾತು-ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆ ತೀವ್ರವಾಗಿ ನರಳಿತು. ಧಾನ್ಯವನ್ನು ಬೇಗನೆ ಸಾಗಿಸಲು ಮಾರ್ಗಗಳು ಬೇಕೆಂಬುದು ಆಗ ಮನದಟ್ಟಾಯಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಧಾರವಾಡದಲ್ಲಿ ಅದರ ಪ್ರಧಾನ ಕಚೇರಿಯೂ ಹುಬ್ಬಳ್ಳಿಯಲ್ಲಿ ಅದರ ಕಾರ್ಯಾಗಾರವೂ ನೆಲೆಗೊಂಡವು. 1905ರಲ್ಲಿ ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿಯ ಮೇಲೆ ಕೊಟ್ಟೂರಿಗೆ ಬಂದ ಕವಲು ಮಾರ್ಗವೂ ಕ್ಷಾಮ ನಿವಾರಣೆಯ ಉದ್ದೇಶದ್ದೇ. ಆಗ ಕವಲು ಮಾರ್ಗದ ಕೊನೆಯ ನಿಲ್ದಾಣವಾಗಿದ್ದ ಕೊಟ್ಟೂರಿನಂತಹ ಊರಿಗಿಂತ, ಅಧಿಕಾರಿಗಳು ನೆಲೆಸಿದ ಹುಬ್ಬಳ್ಳಿಯಂತಹ ಕೇಂದ್ರದಲ್ಲಿ ಬಂಗಲೆಯ ಲಕ್ಷಣ ಸ್ಫುಟವಾಗಿ ತೋರುತ್ತದೆ.

ಬಂಗಲೆ ಎಂಬ ಹೆಸರು ಬಂಗಾಳದ ಗುಡಿಸಲಿನಿಂದ ಬಂದುದು. ಎತ್ತರದ ಅಡಿಪಾಯ, ದಪ್ಪ ಗೋಡೆ, ಎತ್ತರವಾದ ಕೋಣೆ, ಕಾದ ಗಾಳಿ ಹೊರಹೋಗಲು ಮೇಲ್ಭಾಗದಲ್ಲಿ ಕಿಂಡಿಗಳು, ಗೋಡೆಗೆ ಬಿಸಿಲು ತಾಗದಂತೆ ಅಗಲವಾದ ವೆರಾಂಡ, ಸುತ್ತಲೂ ಗಿಡಮರಗಳ ಆವರಣ, ಇವು ಅದರ ಅಂಗಗಳು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಉದ್ಯಮ ಇಂತಹ ಕಟ್ಟಡಗಳಿಗೆ ಹಗುರವಾದ ಹೊದಿಕೆಯನ್ನು ಒದಗಿಸಿತು.

ನಮ್ಮ ಸೀಮೆಯ ಮಾಳಿಗೆಮನೆಯ ಮಾರ್ಗ ಬೇರೆ. ತೊಲೆ ಜಂತೆಗಳ ಮೇಲೆ ಮಣ್ಣು ಹಾಸಿದ ಆ ಮಾಳಿಗೆ ಹಗಲಿನ ಕಾವನ್ನು ನಿಧಾನವಾಗಿ ಹೀರುತ್ತದೆ; ಆದುದರಿಂದ ನಡುಹಗಲಿನಲ್ಲಿಯೂ ಪಡಸಾಲೆ ತಂಪಾಗಿರುತ್ತದೆ. ಇರುಳಿನಲ್ಲಿ ಅದೇ ಮಾಳಿಗೆ ಮಲಗುವ ತಾಣ. ಅಲ್ಪವೃಷ್ಟಿಯ ಬಯಲುನಾಡಿಗೆ ಇದು ಒಪ್ಪುವ ರಚನೆ. ಹಂಚು ಬೇಗ ಕಾಯುತ್ತದೆ. ಆದುದರಿಂದಲೇ ಬಂಗಲೆಗೆ ಅಷ್ಟು ಎತ್ತರ ಬೇಕಾಯಿತು. ಮಾಳಿಗೆಮನೆಗಳು ಗೋಡೆಗೆ ಗೋಡೆ ಹೊಂದಿಕೊಂಡು ಬಿಸಿಲನ್ನು ಹಂಚಿಕೊಂಡರೆ, ಬಂಗಲೆ ಊರಿನಿಂದ ದೂರ ಸರಿದು ಒಂಟಿಯಾಗಿ ನಿಂತಿತು.

ಆ ದೂರಕ್ಕೆ ಗಾಳಿಯೊಂದೇ ಕಾರಣವಲ್ಲ. ರೈಲ್ವೆ ವಸತಿಯಲ್ಲಿ ಹುದ್ದೆಗೆ ತಕ್ಕ ಮನೆ ಎಂಬುದು ನಿಯಮ. ಅಧಿಕಾರಿಗೆ ಆವರಣದ ನಡುವೆ ಬಂಗಲೆ. ಹಳಿ ಕಾಯುವ ಗ್ಯಾಂಗಿನವನಿಗೆ ಸಾಲುಮನೆಯ ಒಂದೆರಡು ಕೋಣೆ. ಬಂಗಲೆಯ ತಂಪೂ ಬರಿಯ ವಾಸ್ತುವಿನ ಫಲವಲ್ಲ. ವಿದ್ಯುತ್ತು ಬರುವ ಮುನ್ನ ಸೂರಿಗೆ ತೂಗಿದ ಪಂಖಾವನ್ನು ಹಗ್ಗ ಹಿಡಿದು ಎಳೆಯುವವನು ಹೊರಗೆ ಕುಳಿತಿರುತ್ತಿದ್ದನು. ಬಾಗಿಲಿಗೆ ಕಟ್ಟಿದ ಲಾವಂಚದ ತಟ್ಟಿಗೆ ಮತ್ತೊಬ್ಬನು ನೀರೆರಚುತ್ತಿದ್ದನು. ಒಳಗಿನವರ ನೆಮ್ಮದಿ ಹೊರಗಿನವರ ಬೆವರಿನಿಂದ ಬಂದಿತು. ಕಾಯಕಗಳಲ್ಲಿ ಮೇಲುಕೀಳಿಲ್ಲವೆಂದು ಶರಣರು ಸಾರಿದ ನಾಡಿನಲ್ಲಿ, ಕಟ್ಟಡದ ಚರಿತ್ರೆಯನ್ನು ಬರೆಯುವವರು ಈ ಕೈಗಳನ್ನು ಮರೆಯಲಾಗದು.

ಹುಬ್ಬಳ್ಳಿಯ ಮಲಪ್ರಭಾ, ಘಟಪ್ರಭಾ ಎಂಬ ಎರಡು ಹಳೆಯ ರೈಲ್ವೆ ಮನೆಗಳು 2020ರಲ್ಲಿ ತೆರೆದ ರೈಲು ವಸ್ತುಸಂಗ್ರಹಾಲಯದ ಭಾಗವಾಗಿ ಉಳಿದಿವೆ. ಇದು ಮೆಚ್ಚತಕ್ಕ ಕಾರ್ಯ. ಆದರೆ ನಮ್ಮ ಊರುಗಳ ಮಾಳಿಗೆಗಳು ಒಂದೊಂದಾಗಿ ಬಿದ್ದು ಅಲ್ಲಿ ಕಾಂಕ್ರೀಟಿನ ಸೂರು ಏರುತ್ತಿದೆ. ಆ ಸೂರಿನ ಕೆಳಗೆ ವಿದ್ಯುತ್ ಪಂಖವಿಲ್ಲದೆ ಬೇಸಿಗೆಯ ಮಧ್ಯಾಹ್ನ ಕುಳಿತಿರಲಾಗದು. ಪರದೇಶದವರು ಕಟ್ಟಿದುದನ್ನು ಕಾಪಾಡಿದ ನಾವು, ಹಿರಿಯರು ಮಣ್ಣಿನಲ್ಲಿ ಬರೆದಿಟ್ಟ ಅರಿವನ್ನೂ ಕಾಪಾಡಬೇಡವೇ? ಕೊಟ್ಟೂರಿನ ಓಣಿಯಲ್ಲಿ ಉಳಿದಿರುವ ಒಂದು ಮಾಳಿಗೆಮನೆಯನ್ನಾದರೂ ಅಳೆದು, ಅದನ್ನು ಕಟ್ಟಿದ ಬಗೆಯನ್ನು ಹಿರಿಯರಿಂದ ಕೇಳಿ ಬರೆದಿಡುವುದು ತರುಣ ವಿದ್ಯಾರ್ಥಿಗಳ ಕರ್ತವ್ಯವಾಗಿದೆ.